ಆಷಾಢದ ಖರೀದಿ

ಸಯನ್, ಮುಂಬಯಿ
12 ಅಕ್ಟೋಬರ್ 1953

ಚಿರಂಜೀವಿ ಮುರಿಗೆಪ್ಪನಿಗೆ ವೈನಿ ರುದ್ರವ್ವ ಮಾಡುವ ಆಶೀರ್ವಾದ.

ನಿನ್ನ ಹಡಗು ಬಲಾರ್ಡ್ ಪಿಯರ್ ಬಿಟ್ಟು ಕಣ್ಮರೆಯಾದ ಮೇಲೂ ನಮ್ಮ ಅಂಗಡಿಯ ಮುದಿ ಗುಮಾಸ್ತ ಸಂಗಪ್ಪ ರುಮಾಲು ಬೀಸುತ್ತಲೇ ಇದ್ದ. ನೋಡುವವರೆಲ್ಲ ನಕ್ಕರು. ನಾನು ಅಳಲಿಲ್ಲ ಎಂದು ನೀನು ಅಂದುಕೊಂಡಿರಬಹುದು. ಲೋಕಲ್ ಗಾಡಿಯಲ್ಲಿ ದಾದರ್ ದಾಟುವ ತನಕ ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ.

ನಮ್ಮ ಚಾಳಿನ ನೆರೆಯವರ ಬಾಯಿಗೆ ಬೀಗವಿಲ್ಲ. ಎದುರು ಖೋಲಿಯ ನಾಗವ್ವ, "ಗಂಡ ಸತ್ತು ಎರಡು ವರ್ಷ ಆಗಿಲ್ಲ, ಇದ್ದೊಬ್ಬ ಮೈದುನನ್ನ ಹಡಗ ಹತ್ತಿಸಿ ಬಂದ್ಳು. ಖಣಾ ಮಾರಾಕ ಲಂಡನ್‌ದಾಗ ಯಾಕ ಓದಬೇಕವ್ವಾ?" ಎಂದು ನನಗೆ ಕೇಳುವಂತೆಯೇ ಹೇಳಿದಳು. ನಾನೂ ಬಿಡಲಿಲ್ಲ. "ನಿನ್ನ ಮಗ ಇಲ್ಲೇ ಓದಿ ಏನು ಕಡದು ಕಟ್ಟಿ ಹಾಕ್ಯಾನ?" ಎಂದೆ.

ಬಟ್ಟೆ ಮಾರ್ಕೆಟ್ಟಿನ ಹಿರಿಯರ ಮಾತು ಮರೆಯಬೇಡ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ, ಶಲ್ಯದ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಪರಗಂಡಸರ ಬೆರಳು ಹಿಡಿದು ನಾನು ವ್ಯಾಪಾರ ಮಾಡುವಂತಿಲ್ಲ. ಸದ್ಯಕ್ಕೆ ನಮ್ಮ ಅಂಗಡಿಯ ಗಾದಿಯ ಮೇಲೆ ಸಂಗಪ್ಪ ನನ್ನ ಪರವಾಗಿ ಕೂಡುತ್ತಾನೆ. ಎರಡು ವರ್ಷದಲ್ಲಿ ಮನೆಯ ಗಂಡಸು ಬಂದು ಗಾದಿಯ ಮೇಲೆ ಕೂಡದಿದ್ದರೆ ಆ ಜಾಗ ಬೇರೆಯವರ ಪಾಲು ಎಂದು ಹಿರಿಯರು ಹೇಳಿದ್ದಾರೆ. ನಿನ್ನ ಅಣ್ಣ ಕಾಶಪ್ಪನವರು ಹೆಗಲ ಮೇಲೆ ಗಂಟು ಹೊತ್ತು ತಿರುಗಿ ಸಂಪಾದಿಸಿದ ಜಾಗ ಅದು. ಓದು, ಕಲಿ, ಬಾ.

ನಿನ್ನ ವೈನಿ
ರುದ್ರವ್ವ

---

ಲಂಡನ್
8 ನವೆಂಬರ್ 1953

ಪೂಜ್ಯ ವೈನಿಯವರ ಪಾದಗಳಿಗೆ ಮುರಿಗೆಪ್ಪನ ಶರಣು.

ಸುಖವಾಗಿ ಮುಟ್ಟಿದೆ. ಮನೆಯೊಡತಿ ಮುಂಜಾನೆ ಬಟಾಟೆ, ಸಂಜೆ ಬಟಾಟೆ ಕೊಡುತ್ತಾಳೆ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ದಿನದಿಂದ ಆಕೆಗೆ ನನ್ನ ಮೇಲೆ ಬಹಳ ಕರುಣೆ. ನೀವು ಕಟ್ಟಿಕೊಟ್ಟ ಶೇಂಗಾ ಚಟ್ನಿ ಪುಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ ತಿನ್ನುತ್ತಿದ್ದೇನೆ.

ನಮ್ಮ ವರ್ಗದಲ್ಲಿ ಸಿಲೋನಿನವನಿದ್ದಾನೆ, ಗ್ರೀಕನಿದ್ದಾನೆ, ಆಫ್ರಿಕದವರಿದ್ದಾರೆ. ಊಟಕ್ಕೆ ಕೂತರೆ ಅರ್ಧ ಭೂಗೋಳ ಕೂತಂತೆ. ಇಲ್ಲಿ ವ್ಯಾಪಾರದ ವಿದ್ಯೆ ಕಲಿತವನಿಗೆ ಯಾವ ದೇಶದ ಬಂದರಿನಲ್ಲೂ ಕೆಲಸ ಸಿಗುತ್ತದೆ ಎಂದು ಪ್ರೊಫೆಸರರು ಮೊದಲ ದಿನವೇ ಹೇಳಿದರು. ನನಗೆ ಒಂದೇ ಬಂದರು ಸಾಕು. ವೈನಿ, ಇಲ್ಲಿಯ ಅಂಗಡಿಗಳಲ್ಲಿ ದಿಂಬಿಗೆ ಹಾಕುವ ಬಣ್ಣದ ಬಟ್ಟೆಗೆ ಎಷ್ಟು ಬೇಡಿಕೆ ಗೊತ್ತೇ? ಗುಳೇದಗುಡ್ಡದ ಕುಬಸದ ಖಣವನ್ನು ಇವರು ಕಂಡೇ ಇಲ್ಲ. ಎರಡು ವರ್ಷ ತಡೆಯಿರಿ. ನಡುವಿನವರು ಯಾರೂ ಇಲ್ಲದೆ ನಮ್ಮ ಗಾದಿಯಿಂದ ನೇರವಾಗಿ ಇಲ್ಲಿಗೆ ಮಾಲು ಕಳಿಸುತ್ತೇನೆ. ಮೊದಲ ಪೆಟ್ಟಿಗೆಯ ಮೇಲೆ ಅಣ್ಣನ ಹೆಸರು ಬರೆಸುತ್ತೇನೆ.

ನಿಮ್ಮ
ಮುರಿಗೆಪ್ಪ

---

ಲಂಡನ್
2 ಮೇ 1954

ಪೂಜ್ಯ ವೈನಿಯವರಿಗೆ ಶರಣು.

ಪತ್ರ ತಡವಾಯಿತು, ಬೈಯಬೇಡಿ. ಈ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ದೇಶದ ಒಂದು ವ್ಯಾಪಾರದ ಬಗ್ಗೆ ಪ್ರಬಂಧ ಬರೆಯಬೇಕು. ಗ್ರೀಕನು ಒಣದ್ರಾಕ್ಷಿಯ ಬಗ್ಗೆ ಬರೆಯುತ್ತಾನೆ. ನಾನು ನಮ್ಮ ಖಣದ ಬಗ್ಗೆ ಬರೆಯುತ್ತೇನೆ ಎಂದಾಗ ಪ್ರೊಫೆಸರರಿಗೆ ಬಹಳ ಸಂತೋಷವಾಯಿತು.

ಆದರೆ ಬರೆಯಲು ಕೂತಾಗ ನನಗೆಷ್ಟು ಕಡಿಮೆ ಗೊತ್ತು ಎಂದು ತಿಳಿಯಿತು. ನಾನು ಮಾರ್ಕೆಟ್ಟಿನಲ್ಲಿ ಬೆಳೆದವನು, ನೀವು ಮಗ್ಗದ ಮನೆಯಲ್ಲಿ ಹುಟ್ಟಿದವರು. ನೇಕಾರರು ಬೇರೆ ವ್ಯಾಪಾರಿಗಳನ್ನು ಬಿಟ್ಟು ನಮಗೇ ಏಕೆ ಮಾಲು ಕೊಡುತ್ತಾರೆ? ಆಷಾಢದಲ್ಲಿ ನೀವು ಊರಿಗೆ ಹೋಗಿ ಖರೀದಿ ಮಾಡುವುದು ಹೇಗೆ? ಸವಿಸ್ತಾರವಾಗಿ ಬರೆಯಿರಿ.

ಮುರಿಗೆಪ್ಪ

---

ಸಯನ್
20 ಮೇ 1954

ಚಿ. ಮುರಿಗೆಪ್ಪನಿಗೆ ಆಶೀರ್ವಾದ.

ಏಳನೇ ತರಗತಿಯ ಮುಲ್ಕಿಯಷ್ಟೇ ಪಾಸಾದ ಹೆಂಗಸಿನ ಹತ್ತಿರ ಲಂಡನ್ನಿನ ಕಾಲೇಜು ಪಾಠ ಕೇಳುವ ಕಾಲ ಬಂತೆಂದು ಸಂಗಪ್ಪನಿಗೆ ಹೇಳಿದೆ. ಅವನು ಗಾದಿಯ ಮೇಲೆ ಉರುಳಾಡಿ ನಕ್ಕ. "ಅಕ್ಕಾರ, ಫೀ ತಗೊಂಡು ಹೇಳ್ರಿ" ಎಂದ.

ನಿನ್ನ ಪತ್ರ ಓದಿ ನನಗೆಷ್ಟು ಹಿಗ್ಗಾಯಿತೆಂದು ಬರೆಯಲಾರೆ. ನಿನ್ನ ಅಣ್ಣನ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಯಿತಲ್ಲ ಎಂಬ ಸಂಕಟ ನನಗಿತ್ತು. ಈಗ ಅದು ಪುಸ್ತಕದಲ್ಲಿ ಬರುತ್ತದೆ. ಕೇಳು.

ಆಷಾಢದಲ್ಲಿ ಮದುವೆಯಿಲ್ಲ, ಸೀಮಂತವಿಲ್ಲ, ಖಣ ಕೊಳ್ಳುವವರೇ ಇಲ್ಲ. ಮಗ್ಗ ನಿಲ್ಲಿಸಿದರೆ ನೇಕಾರನ ಒಲೆಯೂ ನಿಲ್ಲುತ್ತದೆ. ವ್ಯಾಪಾರಿಗಳು ಅದೇ ಹೊತ್ತು ಕಾದು ಹೋಗಿ ಅರ್ಧ ದರಕ್ಕೆ ಎಳೆಯುತ್ತಿದ್ದರು. ನಾನು ಹುಡುಗಿಯಾಗಿದ್ದಾಗ ನಮ್ಮ ಅಪ್ಪ ಖಣ ಕೊಟ್ಟು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದುದನ್ನು ನೋಡಿದ್ದೇನೆ. ನಮ್ಮ ಮದುವೆಯಾದ ವರ್ಷ ನಿನ್ನ ಅಣ್ಣ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತು ನೇಕಾರರನ್ನೆಲ್ಲ ಕರೆದು ಹೇಳಿದರು: "ಆಷಾಢದಾಗ ನೀವು ದರಾ ಕೇಳಬ್ಯಾಡ್ರಿ, ನಾನೂ ಹೇಳೂದಿಲ್ಲ. ದೀಪಾವಳಿಗೆ ಏನ್ ದರಾ ಇರತೈತೋ ಅದು ನಿಮ್ದು."

ಅಂದಿನಿಂದ ಹಾಗೇ ನಡೆದಿದೆ. ಆಷಾಢದಲ್ಲಿ ನಾನು ಹೋಗುತ್ತೇನೆ, ಅವರು ಖಣ ಮಡಚಿ ನನ್ನ ಮುಂದೆ ಇಡುತ್ತಾರೆ. ದರದ ಮಾತು ಯಾರೂ ಎತ್ತುವುದಿಲ್ಲ. ಕೇಳಿದರೆ ನನ್ನನ್ನು ನಂಬಲಿಲ್ಲ ಎಂದಂತಾಗುತ್ತದೆ ಎಂದು ಅವರ ಭಾವನೆ. ಈ ಒಂದು ತಿಂಗಳ ಋಣಕ್ಕೆ ಉಳಿದ ಹನ್ನೊಂದು ತಿಂಗಳೂ ಅವರು ಬೇರೆಯವರಿಗೆ ಮಾಲು ಮುಟ್ಟಿಸುವುದಿಲ್ಲ. ನಮ್ಮ ಗಾದಿ ನಿಂತಿರುವುದು ಇದರ ಮೇಲೆ.

ನಿನ್ನ ಪ್ರೊಫೆಸರರಿಗೆ ಇದು ವ್ಯಾಪಾರವೆನಿಸೀತೋ ಹುಚ್ಚೆನಿಸೀತೋ ತಿಳಿಯದು. ಚೆನ್ನಾಗಿ ಬರೆ. ಅಣ್ಣನ ಹೆಸರು ಹಾಕುವುದನ್ನು ಮರೆಯಬೇಡ.

ರುದ್ರವ್ವ

---

ಲಂಡನ್
15 ಆಗಸ್ಟ್ 1954

ಪೂಜ್ಯ ವೈನಿಯವರಿಗೆ ಶರಣು.

ನನ್ನ ಪ್ರಬಂಧಕ್ಕೆ ಮೊದಲ ಸ್ಥಾನ! ಪ್ರೊಫೆಸರರು ಇಡೀ ವರ್ಗಕ್ಕೆ ಓದಿ ಹೇಳಿದರು. ಅಂದು ಕ್ರಾಸ್ಬಿ ಅಂಡ್ ಲೇನ್ ಎಂಬ ಬಟ್ಟೆಯ ಕಂಪನಿಯ ದೊಡ್ಡವರೊಬ್ಬರು ಬಂದಿದ್ದರು. ನನ್ನನ್ನು ಊಟಕ್ಕೆ ಕರೆದೊಯ್ದು ಬಹಳ ಹೊತ್ತು ಮಾತಾಡಿದರು. ನನ್ನಂಥ ಹುಡುಗನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಯಾರೂ ಇಲ್ಲ, ವೈನಿ. ಮಾರ್ಕೆಟ್ಟಿನಲ್ಲಿ ನಾನು ಯಾವಾಗಲೂ ಕಾಶಪ್ಪನ ತಮ್ಮ. ಇಲ್ಲಿ ನಾನು ನಾನೇ.

ಪ್ರಬಂಧದಲ್ಲಿ ಹೆಸರು ಹಾಕುವ ಪದ್ಧತಿ ಇಲ್ಲವಾದ್ದರಿಂದ ಅಣ್ಣನದು ಹಾಕಲಾಗಲಿಲ್ಲ. ಒಂದು ಸಣ್ಣ ಸಂಶಯ. ಆಷಾಢದಲ್ಲಿ ನೀವೇ ಹೋಗದೆ ಬೇರೆ ಯಾರಾದರೂ ಹೋದರೆ ನೇಕಾರರು ಹಾಗೆಯೇ ಕೊಡುತ್ತಾರೆಯೇ?

ಮುರಿಗೆಪ್ಪ

---

ಸಯನ್
3 ಸೆಪ್ಟೆಂಬರ್ 1954

ಚಿ. ಮುರಿಗೆಪ್ಪನಿಗೆ ಆಶೀರ್ವಾದ.

ನಾಗವ್ವನ ಮನೆಯೂ ಸೇರಿ ಚಾಳಿಗೆಲ್ಲ ಪೇಢೆ ಹಂಚಿದೆ. ಆಕೆ ಎರಡು ತಿಂದಳು.

ನಿನ್ನ ಸಂಶಯಕ್ಕೆ ನಗು ಬಂತು. ನಿನ್ನ ಅಣ್ಣ ಕಡೆಯ ಬೇನೆಯಲ್ಲಿ ಮಲಗಿದ ವರ್ಷ ನಾನು ಹೋಗಲಿಲ್ಲ, ಸಂಗಪ್ಪನನ್ನು ಕಳಿಸಿದ್ದೆ. ಅವನ ಕೈಯಲ್ಲಿ ಚೀಟಿಯಿಲ್ಲ, ಗುರುತಿಲ್ಲ. "ರುದ್ರವ್ವ ಕಳಿಸ್ಯಾಳ" ಎಂದನಂತೆ. ನೀಲಕಂಠಪ್ಪ ಕಾಕಾ ಓಣಿಯ ಎಲ್ಲ ಮನೆಗಳ ಖಣ ತರಿಸಿ ಕೊಟ್ಟ. ಅಪ್ಪ ಹೋದ ಮೇಲೆ ನನ್ನ ತವರಿಗೆ ಆ ಕಾಕಾನೇ ಹಿರಿಯ. ನಾಳೆ ನೀನು ಬಂದು ಹೋದರೂ ಅಷ್ಟೆ, ನನ್ನ ಹೆಸರು ಹೇಳಿದರೆ ಸಾಕು.

ಅಣ್ಣನ ಹೆಸರು ಹಾಕದಿದ್ದುದು ನನಗೆ ಸರಿ ಬರಲಿಲ್ಲ. ಇರಲಿ, ನಿಮ್ಮ ಕಾಲೇಜಿನ ರೀತಿ ನನಗೇನು ಗೊತ್ತು.

ರುದ್ರವ್ವ

---

ಲಂಡನ್
9 ಅಕ್ಟೋಬರ್ 1955

ಪೂಜ್ಯ ವೈನಿಯವರಿಗೆ ಶರಣು.

ನಿಮ್ಮ ಮೂರು ಪತ್ರಗಳೂ ಬಂದಿವೆ. ಉತ್ತರ ಬರೆಯದ್ದಕ್ಕೆ ಪರೀಕ್ಷೆಯ ನೆಪ ಹೇಳಬಹುದು, ಆದರೆ ಪರೀಕ್ಷೆ ಮುಗಿದು ಬಹಳ ದಿನವಾಯಿತು. ಪಾಸಾಗಿದ್ದೇನೆ.

ಕ್ರಾಸ್ಬಿ ಅಂಡ್ ಲೇನ್ ಕಂಪನಿಯವರು ಕೆಲಸ ಕೊಟ್ಟಿದ್ದಾರೆ. ಒಂದೇ ವರ್ಷ, ವೈನಿ. ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಮಾಡಿ ಕಲಿಯದೆ ಬಂದರೆ ನಾನು ಓದಿಯೂ ಓದದಂತೆ. ಹಿರಿಯರಿಗೆ ನೀವು ಹೇಳಿದರೆ ಒಂದು ವರ್ಷ ತಡೆಯಲಾರರೇ? ಸಿಟ್ಟಾಗಬೇಡಿ.

ಮುರಿಗೆಪ್ಪ

---

ಸಯನ್
1 ನವೆಂಬರ್ 1955

ಚಿ. ಮುರಿಗೆಪ್ಪನಿಗೆ ಆಶೀರ್ವಾದ.

ಸಿಟ್ಟಾಗಬೇಡಿ ಎಂದು ಬರೆದರೆ ಸಿಟ್ಟು ಬರುವುದಿಲ್ಲವೇ? ಬಂತು. ಎರಡು ದಿನ ಇತ್ತು, ಹೋಯಿತು. ಹಿರಿಯರನ್ನು ಕೇಳಿದೆ, ಒಂದು ವರ್ಷಕ್ಕೆ ಒಪ್ಪಿದರು. ಹೆಚ್ಚಿಗೆ ಏನೂ ಹೇಳಲಿಲ್ಲ.

ಸಂಗಪ್ಪನ ಕೆಮ್ಮು ಹೆಚ್ಚಾಗಿದೆ. ಆದರೂ ದಿನಾ ಬರುತ್ತಾನೆ. "ಹುಡುಗ ಬಂದ ದಿನ ನಾ ಗಾದಿ ಇಳದು ಮನೀಗೆ ಹೋಗ್ತೀನಿ, ಅಲ್ಲೀತನಕಾ ಸಾಯಾಂಗಿಲ್ಲ" ಎನ್ನುತ್ತಾನೆ. ಮುದುಕನನ್ನು ಬಹಳ ಕಾಯಿಸಬೇಡ.

ರುದ್ರವ್ವ

---

ಲಂಡನ್
12 ಜೂನ್ 1956

ಪೂಜ್ಯ ವೈನಿಯವರಿಗೆ.

ಅವಸರದಲ್ಲಿ ಬರೆಯುತ್ತಿದ್ದೇನೆ. ಕಂಪನಿ ನನ್ನನ್ನು ಪ್ರವಾಸಕ್ಕೆ ಕಳಿಸುತ್ತಿದೆ. ಏಡನ್, ಕೊಲಂಬೊ, ಮುಂದೆ ಎಲ್ಲಿಗೋ ಇನ್ನೂ ಗೊತ್ತಾಗಿಲ್ಲ. ಪತ್ರ ಬರೆದರೆ ಲಂಡನ್ ವಿಳಾಸಕ್ಕೇ ಬರೆಯಿರಿ, ನಾನಿದ್ದಲ್ಲಿಗೆ ಕಳಿಸುತ್ತಾರೆ.

ಈ ಸಲ ಆಷಾಢ ಹಿಡಿದ ಕೂಡಲೆ ಊರಿಗೆ ಓಡಬೇಡಿ. ಮಳೆಯಲ್ಲಿ ಆ ರೈಲು, ಆ ಬಸ್ಸು. ಕಳೆದ ವರ್ಷ ಹೋಗಿ ಬಂದು ಜ್ವರದಲ್ಲಿ ಮಲಗಿದೆನೆಂದು ನೀವೇ ಬರೆದಿದ್ದಿರಿ. ಹದಿನೈದು ದಿನ ತಡವಾಗಿ ಹೋದರೆ ಏನೂ ಕೆಡುವುದಿಲ್ಲ. ಮೈ ನೋಡಿಕೊಳ್ಳಿ.

ಮುರಿಗೆಪ್ಪ

---

ಸಯನ್
1 ಜುಲೈ 1956

ಚಿ. ಮುರಿಗೆಪ್ಪನಿಗೆ ಅನೇಕ ಆಶೀರ್ವಾದ.

ಗೇಣುದ್ದ ಪತ್ರ ಬರೆದರೂ ನನ್ನ ಜ್ವರ ನೆನಪಿಟ್ಟಿದ್ದೀಯಲ್ಲ, ಅಷ್ಟು ಸಾಕು. ನನ್ನ ಬಗ್ಗೆ ಹೀಗೆ ಕಾಳಜಿಯಿಂದ ಹೇಳುವವರು ನಿನ್ನ ಅಣ್ಣ ಹೋದ ಮೇಲೆ ಯಾರೂ ಇರಲಿಲ್ಲ. ನಿನ್ನ ಮಾತಿನಂತೆ ಈ ಸಲ ಆಷಾಢದ ಎರಡನೆಯ ಪಕ್ಷಕ್ಕೆ ಹೋಗುತ್ತೇನೆ. ತಡವಾಗುತ್ತದೆಂದು ಕಾಕಾನಿಗೆ ಕಾರ್ಡು ಹಾಕಲೂ ಹೋಗಲಿಲ್ಲ, ಅವರೇನು ಬೇರೆಯವರಿಗೆ ಕೊಡುವವರೇ.

ಕೊಲಂಬೊವರೆಗೆ ಬಂದವನು ಮುಂಬಯಿಗೆ ಬರಲಾರೆಯಾ? ನಿನ್ನ ದೊಡ್ಡ ಸಾಹೇಬರನ್ನು ಕೇಳಿ ನೋಡು. ಹಾಸಿಗೆಗೆ ಬಿಸಿಲು ತೋರಿಸಿ ಇಟ್ಟಿದ್ದೇನೆ.

ರುದ್ರವ್ವ

---

ಗುಳೇದಗುಡ್ಡ
28 ಜುಲೈ 1956

ಮುರಿಗೆಪ್ಪ,

ಇದನ್ನು ಕಾಕಾನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಓಣಿಯಲ್ಲಿ ಮಗ್ಗಗಳೆಲ್ಲ ನಡೆದಿವೆ. ನನಗೆ ಕೊಡಲು ಒಂದು ಖಣವೂ ಇಲ್ಲ.

ಆಷಾಢ ಹಿಡಿದ ಮೊದಲ ವಾರದಲ್ಲೇ ಸೂಟು ಹಾಕಿದವನೊಬ್ಬ ಗುಮಾಸ್ತನ ಜೊತೆ ಮೋಟಾರಿನಲ್ಲಿ ಬಂದನಂತೆ. ಕ್ರಾಸ್ಬಿ ಅಂಡ್ ಲೇನ್ ಎಂದು ಹೇಳಿ, "ರುದ್ರವ್ವನ ಮನೆಯವರೇ ಕಳಿಸಿದ್ದಾರೆ" ಎಂದನಂತೆ. ಇದ್ದ ಮಾಲನ್ನೆಲ್ಲ ಒಯ್ದ. ಇನ್ನು ಮೂರು ವರ್ಷ ನೇಯ್ದದ್ದೆಲ್ಲ ಕಂಪನಿಗೇ ಎಂದು ಕಾಗದಕ್ಕೆ ರುಜು ಹಾಕಿಸಿಕೊಂಡ. ದರ ಬರೆಯುವ ಜಾಗ ಖಾಲಿ ಬಿಟ್ಟಿತ್ತು. ಯಾರೂ ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಆಮೇಲೆ ಬಂದ ದರ ನನ್ನ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಕಾಲದ್ದಕ್ಕಿಂತ ಹೆಚ್ಚೇನಿಲ್ಲ.

ನಾನು ಬಂದಾಗ ಕಾಕಾ ನೀರು ಕೊಟ್ಟ. ಆಮೇಲೆ ಕೇಳಿದ: "ಯಾಕವ್ವಾ ಹಿಂಗ್ ಮಾಡಿದಿ? ನಿನ್ನ ಹೆಸರು ತಗೊಂಡು ಬಂದವ್ರಿಗೆ ಆಷಾಢದಾಗ ದರಾ ಕೇಳೂದು ಹ್ಯಾಂಗ? ನಿನಗ ಅಡಚಣಿ ಇತ್ತಂದ್ರ ಹೇಳಬಾರದಾ? ನಾವಽ ಕಡಿಮಿ ತಗೋತಿದ್ವಿ." ನಾನು ಕಳಿಸಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗೆಂದರೆ ಮುಂದಿನ ಮಾತು ನೀನು ಕಳಿಸಿದೆ ಎಂದಾಗುತ್ತದೆ. ಸುಮ್ಮನಾದೆ.

ಕಂಪನಿಯವರು ನಿನ್ನ ಪ್ರಬಂಧ ಓದಿ ನಿನಗೆ ತಿಳಿಸದೆ ಮಾಡಿದ್ದಾರೆ, ಅಲ್ಲವೇ? ಊರಿಗೆ ತಡವಾಗಿ ಹೋಗಿ ಎಂದು ನೀನು ಬರೆದದ್ದು ನನ್ನ ಜ್ವರದ ಸಲುವಾಗಿಯೇ, ಅಲ್ಲವೇ? ಹೌದೆಂದು ಎರಡು ಸಾಲು ಬರೆ. ನಾನು ನಂಬುತ್ತೇನೆ.

ರುದ್ರವ್ವ

---

ಫೋರ್ಟ್, ಮುಂಬಯಿ
18 ಆಗಸ್ಟ್ 1956

ಮಾನ್ಯ ವೈನಿಯವರಿಗೆ.

ನಿಮ್ಮ ಪತ್ರ ಲಂಡನ್ನಿಗೆ ಹೋಗಿ ತಿರುಗಿ ಇಲ್ಲಿಗೆ ಬಂತು. ಜುಲೈ ಮೊದಲ ವಾರದಿಂದ ನಾನು ಮುಂಬಯಿಯಲ್ಲೇ ಇದ್ದೇನೆ. ಕಂಪನಿ ಇಲ್ಲಿ ಆಫೀಸು ತೆರೆದಿದೆ. ಹಿಂದುಸ್ತಾನ, ಸಿಲೋನ್, ಏಡನ್ ಎಲ್ಲ ಖರೀದಿ ನನ್ನ ಕೈಯಲ್ಲಿ. ನಮ್ಮ ವರ್ಗದಲ್ಲಿ ಯಾರಿಗೂ ಇಷ್ಟು ಬೇಗ ಇಂಥ ಹುದ್ದೆ ಸಿಕ್ಕಿಲ್ಲ. ಮನೆಗೆ ಬರಬೇಕೆಂದು ಎರಡು ಸಲ ಸಯನ್ ಸ್ಟೇಷನ್ನಿನಲ್ಲಿ ಇಳಿದೆ. ಚಾಳಿನ ತನಕ ಬರಲು ಆಗಲಿಲ್ಲ.

ನೀವು ಎರಡು ಸಾಲು ಕೇಳಿದ್ದೀರಿ. ನಾನು ಸುಳ್ಳು ಬರೆಯುವುದಿಲ್ಲ. ಗುಳೇದಗುಡ್ಡದ ಯೋಜನೆ ನನ್ನದೇ. ಆದರೆ ದರ ನಿಗದಿ ಮಾಡಿದ್ದು ಲಂಡನ್. ನಾನು ಹೆಚ್ಚಿಗೆ ಕೇಳಿದ್ದೆ, ಒಪ್ಪಲಿಲ್ಲ. ರುದ್ರವ್ವನ ಮನೆಯವರು ಕಳಿಸಿದ್ದಾರೆ ಎಂಬ ಮಾತಿನಲ್ಲಿ ಸುಳ್ಳೇನಿದೆ? ನಾನು ಆ ಮನೆಯವನಲ್ಲವೇ? ವರ್ಷವಿಡೀ ಮಗ್ಗ ನಿಲ್ಲದಂತೆ ಕೆಲಸ ಕೊಟ್ಟಿದ್ದೇವೆ, ಇದನ್ನು ಅಣ್ಣನೂ ಮಾಡಲಾಗಿರಲಿಲ್ಲ. ವ್ಯಾಪಾರಕ್ಕೆ ಬಂಧುತ್ವ ಬೆರೆಸಿದರೆ ಎರಡೂ ಕೆಡುತ್ತವೆ ಎಂಬುದು ನಮಗೆ ಕಲಿಸಿದ ಮೊದಲ ಪಾಠ.

ಗಾದಿಯ ಚಿಂತೆ ಬಿಡಿ. ಕಂಪನಿಗೆ ಗುಳೇದಗುಡ್ಡದಲ್ಲಿ ಮಾಲು ನೋಡಿ ಆರಿಸಲು ಒಬ್ಬರು ಬೇಕು. ನಿಮ್ಮಷ್ಟು ತಿಳಿದವರು ಯಾರಿದ್ದಾರೆ? ಸಂಬಳ, ಗೌರವ ಎರಡೂ ಉಂಟು. ನಿಮ್ಮ ಹೆಸರಿದ್ದರೆ ನೇಕಾರರೂ ಕಾಗದ ಮುರಿಯುವ ಯೋಚನೆ ಮಾಡುವುದಿಲ್ಲ. ಒಪ್ಪಿಗೆ ತಿಳಿಸಿದರೆ ನಾನೇ ಸಯನ್‌ಗೆ ಬಂದು ಎಲ್ಲ ಮಾತಾಡುತ್ತೇನೆ.

ನಿಮ್ಮ
ಮುರಿಗೆಪ್ಪ

---

ಸಯನ್
2 ಸೆಪ್ಟೆಂಬರ್ 1956

ಮುರಿಗೆಪ್ಪ,

ಮುಂಬಯಿಯಿಂದ ಮುಂಬಯಿಗೆ ಅಂಚೆಯಲ್ಲಿ ಬಂದ ನಿನ್ನ ಪತ್ರ ಮುಟ್ಟಿತು. ಬಾಗಿಲಲ್ಲಿ ನಿಂತೇ ಓದಿದೆ. ಕೂತು ಓದುವ ಹಾಗಿರಲಿಲ್ಲ.

ಉಂಡ ಮನೆಯ ಗಳ ಎಣಿಸುವವರಿದ್ದಾರೆ ಎಂದು ಹಿರಿಯರು ಹೇಳುತ್ತಿದ್ದರು. ನಾನು ಅದನ್ನು ಬೇರೆಯವರ ಮನೆಯ ಮಾತು ಎಂದು ತಿಳಿದಿದ್ದೆ. ನೀನು ಎಣಿಸಿದ್ದಕ್ಕಿಂತ ಹೆಚ್ಚಿನ ನೋವು ಒಂದೊಂದು ಗಳವನ್ನೂ ನಾನೇ ಕೈಮಾಡಿ ತೋರಿಸಿದೆನಲ್ಲ ಎಂಬುದು. ಅಣ್ಣನ ಕೆಲಸ ಪುಸ್ತಕದಲ್ಲಿ ಬರುತ್ತದೆಂಬ ಆಸೆಗೆ ತೋರಿಸಿದೆ. ಬಡತನದ ಹೊತ್ತಿನಲ್ಲಿ ಹಿಂಡಬಾರದು ಎಂದು ನಾನು ಬರೆದೆ. ಅದರಲ್ಲಿ ನೀನು ಓದಿಕೊಂಡದ್ದು ಹಿಂಡುವ ಹೊತ್ತು ಯಾವುದು ಎಂದು. ನನ್ನ ಜ್ವರವನ್ನೂ ಬಿಡಲಿಲ್ಲವಲ್ಲೋ, ಅದನ್ನೂ ಉಪಯೋಗಕ್ಕೆ ತಂದುಕೊಂಡೆ. ಆ ಒಂದು ಸಾಲು ಓದಿ ನಾನು ಎಷ್ಟು ಸುಖಪಟ್ಟಿದ್ದೆ.

ಕಳೆದ ವರ್ಷ ಹಿರಿಯರು ಹೆಚ್ಚಿಗೆ ಏನೂ ಹೇಳಲಿಲ್ಲ ಎಂದು ನಾನು ಬರೆದದ್ದು ಸುಳ್ಳು. "ಅವಾ ಬರಾಂಗಿಲ್ಲ, ಹುಚ್ಚಿ, ಈಗಽ ಗಾದಿ ಬಿಡು" ಎಂದಿದ್ದರು. ಅಷ್ಟು ಜನ ಗಂಡಸರ ನಡುವೆ ನಿಂತು ನಿನ್ನ ಪರವಾಗಿ ಜಗಳಾಡಿ ಬಂದಿದ್ದೆ. ಹೋದ ಸೋಮವಾರ ಅವರ ಹತ್ತಿರವೇ ಹೋಗಿ ಗಾದಿ ಬಿಟ್ಟುಕೊಟ್ಟೆ. ಸಂಗಪ್ಪ ಗಾದಿಯ ಬಿಳಿ ಹಾಸು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡು ಹೋದ. ಇಲ್ಲಿಯ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ನನ್ನನ್ನು ಕರೆದಿದ್ದಾರೆ, ನಾಳೆಯಿಂದ ಹೋಗುತ್ತೇನೆ. ನಿನ್ನ ಕಂಪನಿಯ ಕೆಲಸ ನನಗೆ ಬೇಡ.

ನಿನ್ನ ಪತ್ರ ಬಂದ ಮೇಲೆ ನಾನು ಮತ್ತೆ ಗುಳೇದಗುಡ್ಡಕ್ಕೆ ಹೋಗಿದ್ದೆ. ಈ ಸಲ ಸುಮ್ಮನಿರಲಿಲ್ಲ. ಓಣಿಯವರನ್ನೆಲ್ಲ ಕೂಡಿಸಿ ಎಲ್ಲ ಹೇಳಿದೆ. ನಾನು ಕಳಿಸಿಲ್ಲ, ನನ್ನ ಮೈದುನ ಕಳಿಸಿದ್ದು, ಮೋಸದ ಕಾಗದ ಅದು, ಹರಿದು ಹಾಕಿರಿ, ಕೋರ್ಟಿಗೆ ಬರಬೇಕಾದರೆ ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಅವರು ಬಹಳ ಹೊತ್ತು ಮಾತಾಡಿಕೊಂಡರು. ಹುಡುಗರು ಹರಿಯೋಣ ಎಂದರು. ಕಡೆಗೆ ಕಾಕಾ ಎದ್ದು ನಿಂತ.

"ರುಜು ನಾವು ಕಂಪನಿಗೆ ಹಾಕಿಲ್ಲವ್ವಾ, ನಿನ್ನ ಹೆಸರಿಗೆ ಹಾಕೀವಿ. ಈಗ ಮಾತು ಮುರದ್ರ ಊರಾಗ ಏನಂತಾರ? ಕಾಶಪ್ಪನ ಹೇಣ್ತಿ ಹೆಸರಿಗೆ ಕೊಟ್ಟ ಮಾತು ಮುರೀತು ಅಂತಾರ. ಅದು ಆಗಬಾರದು. ಮೂರು ವರ್ಷ ಹೊಟ್ಟಿ ಕಟ್ಟಿ ನೇಯ್ತೀವಿ, ತಗೋ."

ಕಾಲಿಗೆ ಬಿದ್ದು ಬೇಡಿಕೊಂಡೆ. ನನ್ನ ಹೆಸರು ಹಾಳಾಗಲಿ, ನೀವು ಬದುಕಿರಿ ಎಂದೆ. ಕಾಕಾ ನನ್ನನ್ನು ಎತ್ತಿ ನಿಲ್ಲಿಸಿದ, ಮಾತು ಮಾತ್ರ ಬದಲಿಸಲಿಲ್ಲ. ನಾನು ಬರುವ ಹೊತ್ತಿಗೆ ಎಲ್ಲರೂ ಮಗ್ಗಕ್ಕೆ ಇಳಿದಿದ್ದರು.

ಆದ್ದರಿಂದ ಲಂಡನ್ನಿಗೆ ಧೈರ್ಯವಾಗಿ ಬರೆದುಬಿಡು. ಮಾಲು ತಪ್ಪದೆ ಬರುತ್ತದೆ. ನೀನು ಮಾತ್ರ ಬರಬೇಡ.

ರುದ್ರವ್ವ